ಗಣಕಕ್ಕೊಂದು ಪೋಡಿ

ಒಂದೇ ಗಣಕಯಂತ್ರದಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು ನೆಲೆಗೊಳಿಸುವುದೆಂದರೆ ಬೆಂಗಳೂರಿನ ತರುಣರು ರಾತ್ರಿ ನಿದ್ದೆಗೆಟ್ಟು ಆಡುವ ಒಂದು ಆಟವೆಂದು ಬಹುಮಂದಿ ಭಾವಿಸಿರುವುದುಂಟು. ಬಾಳೆಗೊನೆಗೂ ಅರಿಸಿನದ ಕೊಂಬಿಗೂ ಈ ಹೊತ್ತಿನ ಧಾರಣೆ ಏನೆಂಬುದೇ ಮುಖ್ಯ ಚಿಂತೆಯಾಗಿರುವ ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಂಥ ಊರಿಗೆ ಅದರ ಗೊಡವೆ ಏತಕ್ಕೆಂದು ಕೇಳುವವರೂ ಉಂಟು. ನಿಜಸ್ಥಿತಿ ಇದಕ್ಕೆ ತೀರ ವಿಪರೀತವಾಗಿದೆ. ಬೆಂಗಳೂರಿನ ತರುಣನಿಗೆ ಅದು ವಿನೋದವಾದರೆ, ತಾಲ್ಲೂಕು ಕೇಂದ್ರದ ಡಿ.ಟಿ.ಪಿ. ಅಂಗಡಿಯವನಿಗೆ, ಸಹಕಾರ ಸಂಘದ ಗುಮಾಸ್ತನಿಗೆ, ಪ್ರೌಢಶಾಲೆಯ ಅಧ್ಯಾಪಕನಿಗೆ ಅದು ಅನಿವಾರ್ಯ. ಆ ಅನಿವಾರ್ಯವನ್ನು ತಂದೊಡ್ಡಿದುದು, ಮೂರು ದಶಕಗಳಿಂದ ಕನ್ನಡವನ್ನು ಗಣಕದೊಳಗೆ ನಾವು ಕೂಡಿಟ್ಟುಕೊಂಡು ಬಂದ ರೀತಿ. ಈ ಮಾತು ಮೊದಲ ನೋಟಕ್ಕೆ ವಿಚಿತ್ರವಾಗಿ ತೋರಬಹುದಾದುದರಿಂದ ಸ್ವಲ್ಪ ಸಾವಧಾನವಾಗಿ ವಿವರಿಸಬೇಕಾಗಿದೆ.

ಗುಂಡಿಯೊತ್ತಿದೊಡನೆ ಗಣಕವು ತಾನಾಗಿ ಏನನ್ನೂ ಬಲ್ಲುದಲ್ಲ. ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಅಳಿಯದಂತೆ ಬರೆದಿಟ್ಟ ಅಲ್ಪಸ್ವಲ್ಪ ಆದೇಶಗಳು ಮೊದಲು ಎಚ್ಚೆತ್ತು (ಹಳೆಯ ಯಂತ್ರಗಳಲ್ಲಿ ಅವಕ್ಕೆ ಬಯಾಸ್ ಎಂದೂ ಹೊಸವುಗಳಲ್ಲಿ ಯು.ಇ.ಎಫ್.ಐ. ಎಂದೂ ಹೆಸರು), ಕೀಲಿಮಣೆ ಇದೆಯೆ, ಸ್ಮೃತಿ ಇದೆಯೆ, ಹಾರ್ಡ್ ಡಿಸ್ಕ್ ಇದೆಯೆ ಎಂದು ವಿಚಾರಿಸಿಕೊಂಡು, ಅನಂತರ ಡಿಸ್ಕಿನಲ್ಲಿ ನೆಲೆಸಿರುವ ಯಾವುದಾದರೊಂದು ಕಾರ್ಯಾಚರಣ ವ್ಯವಸ್ಥೆಗೆ ಅಧಿಕಾರವನ್ನೊಪ್ಪಿಸಿ ತಾವು ಹಿಂದೆ ಸರಿಯುತ್ತವೆ. ವಿಂಡೋಸ್ ಅಂಥದೊಂದು ವ್ಯವಸ್ಥೆ; ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯಲಾರಂಭಿಸಿದ ತಿರುಳಿನ ಸುತ್ತ ಬೆಳೆದು ಬಂದ ಲಿನಕ್ಸ್ ಮತ್ತೊಂದು. ಒಂದು ಹೊತ್ತಿಗೆ ಒಂದೇ ವ್ಯವಸ್ಥೆ ಯಂತ್ರವನ್ನು ಆಳಬಲ್ಲುದು. ಆದರೆ ಎರಡೂ ಒಂದೇ ಡಿಸ್ಕಿನ ಬೇರೆಬೇರೆ ಭಾಗಗಳಲ್ಲಿ ವಾಸವಾಗಿದ್ದು, ಪ್ರತಿಸಲ ಗುಂಡಿಯೊತ್ತಿದಾಗಲೂ ಈ ಹೊತ್ತು ಯಾರ ಸರದಿಯೆಂಬುದನ್ನು ನಾವೇ ಆರಿಸಿಕೊಳ್ಳುವಂತೆ ಏರ್ಪಡಿಸಿಕೊಳ್ಳಲು ಅಡ್ಡಿಯೇನೂ ಇಲ್ಲ.

ಹೊಲಮನೆಯ ವ್ಯವಹಾರ ಬಲ್ಲ ನಮ್ಮ ಸೀಮೆಯವರಿಗೆ ಇದನ್ನು ತಿಳಿಯಹೇಳಲು ಹೆಚ್ಚು ಪ್ರಯಾಸಪಡಬೇಕಾಗಿಲ್ಲ. ತಂದೆಯ ಹೆಸರಿನಲ್ಲಿದ್ದ ಒಂದು ಸರ್ವೆ ನಂಬರಿನ ಜಮೀನು ಅಣ್ಣತಮ್ಮಂದಿರಿಗೆ ಪಾಲಾದಾಗ ಪೋಡಿಯಾಗುತ್ತದೆ; ಭೂಮಾಪಕನು ಬಂದು ಅಳೆದು, ಹದ್ದು ಗೊತ್ತುಮಾಡಿ, ಹಿಸ್ಸಾ ನಂಬರುಗಳನ್ನು ಕೊಡುತ್ತಾನೆ; ಅಲ್ಲಿಂದಾಚೆಗೆ ನೆಲದ ಮಣ್ಣು ಒಂದೇ ಆದರೂ ಪಹಣಿ ಬೇರೆ, ಬೆಳೆ ಬೇರೆ, ಸಾಲ ಬೇರೆ. ಹಾರ್ಡ್ ಡಿಸ್ಕಿನ ಪಾರ್ಟಿಷನ್ ಎಂಬುದು ಈ ಪೋಡಿಯೇ ಹೊರತು ಬೇರೆಯಲ್ಲ. ಯಾವ ಪಾಲು ಎಲ್ಲಿಂದ ಎಲ್ಲಿಯವರೆಗೆ, ಅದು ಯಾವ ಜಾತಿಯದು ಎಂಬ ದಾಖಲೆ ಡಿಸ್ಕಿನ ಮೊದಲ ಖಂಡದಲ್ಲಿಯೇ ಇರುತ್ತದೆ. ಆ ಖಂಡದ ಗಾತ್ರ ಕೇವಲ 512 ಬೈಟುಗಳು. ಅದರಲ್ಲಿ 446 ಬೈಟುಗಳು ಯಂತ್ರವನ್ನು ಎಬ್ಬಿಸುವ ಆದೇಶಗಳಿಗೆ, 64 ಬೈಟುಗಳು ಪಾಲುಪಟ್ಟಿಗೆ, ಉಳಿದೆರಡು ಬೈಟುಗಳು ಇದು ಅಧಿಕೃತವೆಂಬ ಮೊಹರಿಗೆ. ಪಟ್ಟಿಯ ಒಂದೊಂದು ನಮೂದಿಗೆ 16 ಬೈಟು ಬೇಕಾದುದರಿಂದ ಒಟ್ಟು ನಾಲ್ಕೇ ಪಾಲು; ಐದನೆಯ ತಮ್ಮನಿಗೆ ಜಾಗವಿಲ್ಲ. 1983ರಲ್ಲಿ ಐ.ಬಿ.ಎಂ. ಕಂಪನಿ ಪಿಸಿ ಎಕ್ಸ್‌ಟಿ ಎಂಬ ಯಂತ್ರವನ್ನೂ ಅದಕ್ಕೆ ಡಾಸ್ 2.0 ಎಂಬ ವ್ಯವಸ್ಥೆಯನ್ನೂ ಹೊರತಂದಾಗ ಈ ಪದ್ಧತಿ ಬಳಕೆಗೆ ಬಂದಿತು. ಆ ಯಂತ್ರದ ಡಿಸ್ಕಿನ ವಿಸ್ತೀರ್ಣ ಹತ್ತು ಮೆಗಾಬೈಟು. ಇಂದು ಮೊಬೈಲಿನಲ್ಲಿ ತೆಗೆದ ಎರಡು ಮೂರು ಚಿತ್ರಗಳಿಗೆ ಸಾಲುವಷ್ಟು ನೆಲವನ್ನು ನಾಲ್ಕಕ್ಕಿಂತ ಹೆಚ್ಚು ಪಾಲು ಮಾಡಬೇಕಾದೀತೆಂದು ಆಗ ಯಾರಿಗೆ ತಾನೆ ತೋಚೀತು? ಮುಂದೆ 1987ರಲ್ಲಿ, ನಾಲ್ಕರಲ್ಲೊಂದು ಪಾಲನ್ನು ವಿಸ್ತೃತ ಪಾಲೆಂದು ಕರೆದು ಅದರೊಳಗೆ ಒಳಪಾಲುಗಳನ್ನು ಮಾಡಿಕೊಳ್ಳುವ ಉಪಾಯವನ್ನು ಡಾಸ್ 3.3 ಒದಗಿಸಿತು, ಜಂಟಿ ಖಾತೆಯೊಳಗೆ ಬಾಯಿಮಾತಿನ ಪಾಲು ಮಾಡಿಕೊಂಡು ಉಳುವಂಥ ವ್ಯವಸ್ಥೆ ಅದು, ಅದರ ತೊಡಕುಗಳೂ ಅಂಥವೇ.

ಹೊಸ ಯಂತ್ರಗಳಲ್ಲಿ ಈ ಇಕ್ಕಟ್ಟು ತೊಲಗಿದೆ. ಜಿ.ಪಿ.ಟಿ. ಎಂಬ ನವೀನ ಪಾಲುಪಟ್ಟಿಯಲ್ಲಿ ಸಾಮಾನ್ಯವಾಗಿ 128 ನಮೂದುಗಳಿಗೆ ಸ್ಥಳವುಂಟು. ಪಟ್ಟಿಯ ಒಂದು ಪ್ರತಿ ಡಿಸ್ಕಿನ ಆದಿಯಲ್ಲಿಯೂ ಮತ್ತೊಂದು ಅಂತ್ಯದಲ್ಲಿಯೂ ಇರುವುದರಿಂದ ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಹಳೆಯ ಪಟ್ಟಿ ಎರಡು ಟೆರಾಬೈಟಿನಾಚೆಗಿನ ನೆಲವನ್ನು ಅಳೆಯಲಾರದಾಗಿದ್ದ ದೋಷವೂ ಇದಕ್ಕಿಲ್ಲ. ಆದರೆ ನಮ್ಮ ತಾಲ್ಲೂಕುಗಳ ಅಂಗಡಿಗಳಲ್ಲಿಯೂ ಶಾಲೆಗಳಲ್ಲಿಯೂ ಇಂದಿಗೂ ದುಡಿಯುತ್ತಿರುವ ಯಂತ್ರಗಳಲ್ಲಿ ಹಳೆಯ ಪಟ್ಟಿಯವೇ ಬಹಳ. ವಿಂಡೋಸ್ 7ರ ಕಾಲದ ಕೆಲವು ಲ್ಯಾಪ್‌ಟಾಪುಗಳಂತೂ ತಯಾರಕರಿಂದ ಬರುವಾಗಲೇ ನಾಲ್ಕೂ ಪಾಲುಗಳನ್ನು ತುಂಬಿಕೊಂಡು ಬಂದಿರುತ್ತಿದ್ದುದರಿಂದ, ಎರಡನೆಯ ವ್ಯವಸ್ಥೆಯನ್ನು ಹಾಕಲು ಕುಳಿತವನು ಮೊದಲು ಯಾರನ್ನು ಒಕ್ಕಲೆಬ್ಬಿಸುವುದೆಂಬ ಧರ್ಮಸಂಕಟಕ್ಕೆ ಬೀಳುತ್ತಿದ್ದನು.

ಇಷ್ಟೆಲ್ಲ ಪಾಲುಪಾರೀಕತ್ತಿಗೆ ನಮ್ಮಲ್ಲಿ ಅವಶ್ಯಕತೆ ಹೇಗುಂಟಾಯಿತೆಂಬುದು ಈಗ ಹೇಳಬೇಕಾದ ಮಾತು. ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ ಮುದ್ರಣಾಲಯಗಳು 1990ರ ದಶಕದಲ್ಲಿ ಗಣಕದತ್ತ ಹೊರಳಿದಾಗ, ಗಣಕಕ್ಕೆ ಕನ್ನಡವೆಂಬ ಲಿಪಿಯೊಂದಿದೆಯೆಂಬುದೇ ತಿಳಿದಿರಲಿಲ್ಲ. ಒಂದು ಬೈಟಿನಲ್ಲಿ ಎಣಿಸಬಹುದಾದ ಸಂಕೇತಗಳು 256 ಮಾತ್ರ. ಅವುಗಳಲ್ಲಿ ಮೊದಲರ್ಧವನ್ನು ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ವಿರಾಮಚಿಹ್ನೆಗಳೂ ಆಕ್ರಮಿಸಿದ್ದವು. ಉಳಿದರ್ಧದಲ್ಲಿ ಐರೋಪ್ಯ ಭಾಷೆಗಳ ಚಿಹ್ನೆಗಳಿದ್ದವು. ಕನ್ನಡ ತಂತ್ರಾಂಶಗಳನ್ನು ರಚಿಸಿದ ಜಾಣರು ಅನುಸರಿಸಿದ ಮಾರ್ಗವೇನೆಂದರೆ, ಸಂಕೇತಗಳನ್ನು ಹಾಗೆಯೇ ಬಿಟ್ಟು ಅವುಗಳ ಚಿತ್ರವನ್ನು ಮಾತ್ರ ಬದಲಿಸುವುದು: ಇಂಗ್ಲಿಷಿನ ಒಂದು ಅಕ್ಷರದ ಸ್ಥಾನದಲ್ಲಿ ಕಕಾರದ ಒಡಲು, ಮತ್ತೊಂದು ಸ್ಥಾನದಲ್ಲಿ ತಲೆಕಟ್ಟು, ಇನ್ನೊಂದರಲ್ಲಿ ಒತ್ತಕ್ಷರ. ನುಡಿ ಎಂಬ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬ್ರಿಟಿಷರ ಪೌಂಡ್ ನಾಣ್ಯದ ಚಿಹ್ನೆಯೇ ನಮ್ಮ ನಕಾರದ ಒಡಲಾಗಿ ಕುಳಿತಿದೆಯೆಂದರೆ ಓದುಗರು ನಗಬಾರದು. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಹಳೆಯದೊಂದು ಕಡತವನ್ನು ತೆರೆದವರಿಗೆಲ್ಲ, ಪೌಂಡುಗಳ ಮಳೆಯೇ ಸುರಿದಂಥ ಆ ಪುಟ ಪರಿಚಿತವೇ ಆಗಿದೆ. ಯಂತ್ರದ ದೃಷ್ಟಿಯಲ್ಲಿ ಅಲ್ಲಿ ಕನ್ನಡವೆಂಬುದೇ ಇಲ್ಲ. ಅದನ್ನು ಅಕಾರಾದಿಯಾಗಿ ಜೋಡಿಸಲಾಗದು, ಹುಡುಕಲಾಗದು, ಬೇರೊಂದು ಯಂತ್ರಕ್ಕೆ ಧೈರ್ಯದಿಂದ ಕಳುಹಿಸಲಾಗದು.

ಸಾಲದುದಕ್ಕೆ ಒಬ್ಬೊಬ್ಬರ ಜೋಡಣೆ ಒಂದೊಂದು ತೆರ. ಸೊನಾಟಾ ಕಂಪನಿಯ ಪ್ರಕಾಶಕ್, ಸೈಬರ್‌ಸ್ಕೇಪ್ ಕಂಪನಿಯ ಆಕೃತಿ, ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಕಂಪನಿಯ ಶ್ರೀಲಿಪಿ, ಇವೆಲ್ಲ ಮುದ್ರಣಾಲಯಗಳಲ್ಲಿ ಮನ್ನಣೆ ಪಡೆದವು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶವು ಬಂದು ಮನೆಮನೆಯ ಗಣಕಗಳಿಗೆ ಕನ್ನಡವನ್ನು ತಂದಿತು. ಸರ್ಕಾರದ ಕಚೇರಿಗಳಿಗೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂದಿತು. ಇವುಗಳ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು. ಕನ್ನಡದಲ್ಲಿ ಅರ್ಜಿ ಬರೆದು ಮುದ್ರಿಸಿಕೊಡುವ ಶಕ್ತಿ ತಾಲ್ಲೂಕು ಕಚೇರಿಯೆದುರಿನ ಪುಟ್ಟ ಅಂಗಡಿಗೂ ದೊರೆತದ್ದು ಇವುಗಳಿಂದಲೇ. ಆದರೆ ಈ ತಂತ್ರಾಂಶಗಳ ಕಾರ್ಯಕ್ಷೇತ್ರವೆಲ್ಲ ವಿಂಡೋಸಿನ ಅಂಗಳವಾಗಿತ್ತೆಂಬುದೂ, ಪುಟವಿನ್ಯಾಸಕ್ಕೆ ಎಲ್ಲರೂ ನೆಚ್ಚಿದ್ದ ಪೇಜ್‌ಮೇಕರಿಗೆ ಈ ಚಿತ್ರಾಕ್ಷರಗಳ ಹೊರತು ಬೇರೆ ಕನ್ನಡ ಗೊತ್ತಿರಲಿಲ್ಲವೆಂಬುದೂ ಮುಂದಿನ ತೊಡಕಿಗೆ ಬೀಜವಾದವು.

ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸ್ಥಾನಗಳನ್ನು ಗೊತ್ತುಪಡಿಸಿದ ಯೂನಿಕೋಡ್ ಎಂಬ ಸಂಕೇತವಿಧಾನದ ಮೊದಲ ಆವೃತ್ತಿ ಪ್ರಕಟವಾದದ್ದು 1991ರಲ್ಲಿ. ಅದರಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿ ಮೀಸಲಾಗಿತ್ತು. 2001ರ ಅಕ್ಟೋಬರಿನಲ್ಲಿ ಹೊರಬಂದ ವಿಂಡೋಸ್ ಎಕ್ಸ್‌ಪಿ, ತುಂಗಾ ಎಂಬ ಅಕ್ಷರಶೈಲಿಯನ್ನು ಹೊತ್ತು ತಂದು ಯೂನಿಕೋಡ್ ಕನ್ನಡಕ್ಕೆ ಬಾಗಿಲು ತೆರೆಯಿತು. ಅದೇ ವರ್ಷ ಪೇಜ್‌ಮೇಕರಿನ ಕಡೆಯ ದೊಡ್ಡ ಆವೃತ್ತಿಯಾದ 7.0 ಕೂಡ ಬಂದಿತು. ಹೊಸ ಕನ್ನಡವನ್ನು ಬರೆಯಲು ಮೊದಲು ಅನುವು ಮಾಡಿಕೊಟ್ಟ ಎಕ್ಸ್‌ಪಿಯನ್ನೇ ನಮ್ಮ ಅಂಗಡಿಗಳು ಹಳೆಯ ಕನ್ನಡದ ಭಂಡಾರವನ್ನಾಗಿ ಮಾಡಿಕೊಂಡವು. ಮದುವೆಯ ಲಗ್ನಪತ್ರಿಕೆ, ಮಾರಿಹಬ್ಬದ ಕರಪತ್ರ, ಸಂಘದ ವಾರ್ಷಿಕ ವರದಿ, ಕ್ರಯಪತ್ರದ ಒಕ್ಕಣೆ, ಶಾಲೆಯ ಸ್ಮರಣಸಂಚಿಕೆ, ಹೀಗೆ ಒಂದು ಊರಿನ ಲಿಖಿತ ಬಾಳ್ವೆಯೆಲ್ಲ ಪೌಂಡುಗಳ ರೂಪದಲ್ಲಿ ಅದರೊಳಗೆ ಶೇಖರವಾಯಿತು. 2014ರ ಏಪ್ರಿಲ್ 8ರಂದು ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಪೋಷಣೆಯನ್ನು ನಿಲ್ಲಿಸಿತು. ಹೊಸ ಯಂತ್ರಗಳಲ್ಲಿ 64 ಬಿಟ್ಟಿನ ವಿಂಡೋಸ್ ಬಂದಿತು. ಅದರಲ್ಲಿ 16 ಬಿಟ್ಟಿನ ಕಾಲದ ತಂತ್ರಾಂಶಗಳು ಏಳುವುದೇ ಇಲ್ಲ. ಹಳೆಯ ಕೆಲವು ತಂತ್ರಾಂಶಗಳು ನಡೆಯಬೇಕಾದರೆ ಯಂತ್ರದ ಹಿಂಬದಿಯ ಪ್ರಿಂಟರ್ ಕಿಂಡಿಗೆ ಸಿಕ್ಕಿಸಬೇಕಾಗಿದ್ದ ಡಾಂಗಲ್ ಎಂಬ ಬೀಗದ ತುಣುಕಿಗಂತೂ ಹೊಸ ಲ್ಯಾಪ್‌ಟಾಪಿನಲ್ಲಿ ಕಿಂಡಿಯೇ ಇಲ್ಲ.

ಇಂತಹ ಸಂದರ್ಭದಲ್ಲಿ ಅಂಗಡಿಯವನು ಮಾಡುವುದೇನು? ಗ್ರಾಹಕನು ಬಂದು "ಅಣ್ಣ, ಹೋದ ವರ್ಷದ್ದೇ ಇನ್ವಿಟೇಷನ್ನು, ಒಸಿ ತಾರೀಕು ಬದಲಾಯಿಸಿ ಕೊಡು" ಎಂದರೆ, ಹಳೆಯ ಯಂತ್ರವನ್ನೇ ಎಬ್ಬಿಸಬೇಕು. ಮರುಕ್ಷಣದಲ್ಲಿ ಮತ್ತೊಬ್ಬನು ಬಂದು ಮೊಬೈಲಿನಲ್ಲಿ ಬರೆದುಕೊಂಡ ಕನ್ನಡವನ್ನು ಅಚ್ಚುಮಾಡಿಸಬೇಕೆಂದರೆ, ಅಥವಾ ಸರ್ಕಾರದ ಜಾಲತಾಣವೊಂದರಲ್ಲಿ ಅರ್ಜಿ ತುಂಬಬೇಕೆಂದರೆ, ಹೊಸ ವ್ಯವಸ್ಥೆಯೇ ಬೇಕು. ಎರಡು ಯಂತ್ರಗಳನ್ನಿಡಲು ಸ್ಥಳವಿಲ್ಲ, ಹಣವೂ ಇಲ್ಲ. ಆದಕಾರಣ ಒಂದೇ ಯಂತ್ರದಲ್ಲಿ ಪೋಡಿ: ಒಂದು ಪಾಲಿನಲ್ಲಿ ಹಳೆಯ ವಿಂಡೋಸ್, ಇನ್ನೊಂದು ಪಾಲಿನಲ್ಲಿ ಹೊಸದು. ಆ ಹೊಸದು ವಿಂಡೋಸೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ನಾಲ್ಕು ಗಿಗಾಬೈಟಿನ ಸ್ಮೃತಿಯುಳ್ಳ ಹಳೆಯ ಯಂತ್ರದಲ್ಲಿ ಲಿನಕ್ಸಿನ ಹಗುರವಾದ ಬಗೆಗಳಾದ ಲುಬುಂಟು, ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಮುಂತಾದುವು ಹೊಸ ವಿಂಡೋಸಿಗಿಂತ ಸುಖವಾಗಿ ನಡೆಯುತ್ತವೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಲಿನಕ್ಸಿನಲ್ಲಿ ಕನ್ನಡ ಬರೆಯುವುದು ಕಷ್ಟವೆಂಬ ಭಯ ನಮ್ಮಲ್ಲಿ ಇನ್ನೂ ಹರಡಿಕೊಂಡಿದೆ, ಅದು ನಿರಾಧಾರವಾದದ್ದು. ಕೆ.ಪಿ. ರಾವ್ ಅವರ ಪ್ರತಿಭೆಯಿಂದ ಮೂಡಿದ ಕೀಲಿಮಣೆಯ ವಿನ್ಯಾಸವೇ ನುಡಿ ತಂತ್ರಾಂಶದ ವಿನ್ಯಾಸವಾಗಿ ನಮ್ಮ ಬೆರಳಚ್ಚುಗಾರರ ಬೆರಳಿಗೆ ಇಳಿದಿರುವುದಷ್ಟೆ. ಅದೇ ವಿನ್ಯಾಸವು ಕಗಪ ಎಂಬ ಹೆಸರಿನಿಂದ ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ ಸಿದ್ಧವಾಗಿಯೇ ಕುಳಿತಿದೆ. ಬೇರೇನನ್ನೂ ಕೊಂಡುತರಬೇಕಾಗಿಲ್ಲ, ಬೆರಳಿಗೆ ಹೊಸ ಪಾಠವನ್ನೂ ಕಲಿಸಬೇಕಾಗಿಲ್ಲ. ರೆಡ್ ಹ್ಯಾಟ್ ಕಂಪನಿಯು ಮುಕ್ತವಾಗಿ ಬಿಟ್ಟುಕೊಟ್ಟ ಲೋಹಿತ್ ಅಕ್ಷರಶೈಲಿಯೂ, ಗುಬ್ಬಿ ಮತ್ತು ನವಿಲು ಎಂಬ ಸೊಗಸಾದ ಹೆಸರಿನ ಅಕ್ಷರಶೈಲಿಗಳೂ ಲಿನಕ್ಸಿನ ಬಗೆಗಳಾದ ಡೆಬಿಯನ್, ಉಬುಂಟುಗಳ ಭಂಡಾರದಲ್ಲಿ ದೊರೆಯುತ್ತವೆ. ಹೀಗಿರಲು ಅಂಗಡಿಯವನನ್ನು ಹಳೆಯ ವಿಂಡೋಸಿಗೆ ಕಟ್ಟಿಹಾಕಿರುವುದು ಅವನ ಬೆರಳ ರೂಢಿಯೂ ಅಲ್ಲ, ಲಿನಕ್ಸಿನ ಕೊರತೆಯೂ ಅಲ್ಲ. ಪರಿವರ್ತನೆಯಾಗದೆ ಉಳಿದ ಹಳೆಯ ಕಡತಗಳು, ಬೆರಳಗುರುತು ಓದುವ ಯಂತ್ರದಂತಹ ಕೆಲವು ಸಾಧನಗಳಿಗೆ ವಿಂಡೋಸಿಗಾಗಿ ಮಾತ್ರ ಬರೆದ ಚಾಲಕ ತಂತ್ರಾಂಶಗಳು, ಇಷ್ಟೇ.

ಲಿನಕ್ಸಿನ ಭಯ ನಮ್ಮಲ್ಲಿ ಹೇಗೆ ಉಳಿಯಿತೆಂಬುದನ್ನು ತಿಳಿಯಲು ನೆರೆಯ ಕೇರಳದತ್ತ ನೋಡಬೇಕು. ಮೈಸೂರಿನಿಂದ ನಂಜನಗೂಡಿನ ಮೇಲೆ ಬರುವ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆದು, ಒಂದು ಬಂಡೀಪುರದ ಮೂಲಕ ಊಟಿಯ ಕಡೆಗೂ, ಇನ್ನೊಂದು ಕಾಡನ್ನು ಹಾದು ವಯನಾಡಿನ ಸುಲ್ತಾನ್ ಬತ್ತೇರಿಗೂ ಹೋಗುತ್ತದೆ. ಈ ಎರಡನೆಯ ದಾರಿಯಲ್ಲಿ ಬಾಳೆಯೂ ತರಕಾರಿಯೂ ಅತ್ತ ಹೋಗುತ್ತವೆ. ಓಣಂ ಹಬ್ಬಕ್ಕೆ ಮುಂಚೆ ನಮ್ಮ ಚೆಂಡುಹೂವಿನ ಹೊಲಗಳ ಮುಂದೆ ಭಾವಚಿತ್ರ ತೆಗೆಸಿಕೊಳ್ಳಲು ಕೇರಳದ ಕಾರುಗಳು ಇತ್ತ ಸಾಲುಗಟ್ಟುತ್ತವೆ. ಆದರೆ ಈ ದಾರಿಯಲ್ಲಿ ಬಂದಿರಬಹುದಾಗಿದ್ದ ಒಂದು ವಿದ್ಯೆ ಮಾತ್ರ ನಮ್ಮಲ್ಲಿಗೆ ತಡವಾಗಿ, ಅದೂ ಅರೆಬರೆಯಾಗಿ ಬಂದಿತು. ಕೇರಳ ಸರ್ಕಾರವು 2001ರಲ್ಲಿ ಐಟಿ@ಸ್ಕೂಲ್ ಎಂಬ ಯೋಜನೆಯನ್ನು ತೊಡಗಿಸಿ, ಕೆಲವೇ ವರ್ಷಗಳಲ್ಲಿ ತನ್ನ ಶಾಲೆಗಳ ಗಣಕಗಳನ್ನು ಲಿನಕ್ಸಿಗೆ ತಿರುಗಿಸಿತು. ಮೊದಲು ಡೆಬಿಯನ್, ಅನಂತರ ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ಒಂದು ವ್ಯವಸ್ಥೆಯನ್ನು ರೂಪಿಸಿಕೊಂಡಿತು. 2017ರಲ್ಲಿ ಆ ಯೋಜನೆಯೇ ಕೈಟ್ ಎಂಬ ಸರ್ಕಾರಿ ಕಂಪನಿಯಾಗಿ ಬೆಳೆಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಈ ವ್ಯವಸ್ಥೆಯಲ್ಲಿಯೇ ಗಣಕವಿದ್ಯೆಯನ್ನು ಕಲಿಯುತ್ತಾರೆ. ಕಾಡಿನಾಚೆಯ ಹಳ್ಳಿಯ ಹುಡುಗನಿಗೆ ಲಿನಕ್ಸೆಂಬುದು ಪಾಠದ ಮೇಜಿನ ಮೇಲಿನ ನಿತ್ಯದ ವಸ್ತುವಾಗಿರುವಾಗ ಈಚೆಯವನಿಗೆ ಅದೊಂದು ವಿಲಕ್ಷಣವಾದ ಹೆಸರು.

ನಮ್ಮಲ್ಲಿ ಏನೂ ನಡೆದಿಲ್ಲವೆಂದು ಹೇಳುವುದು ಅನ್ಯಾಯವಾದೀತು. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿ.ಎಸ್.ಇ.ಆರ್.ಟಿ.ಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಡಗೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಪ್ರೌಢಶಾಲೆಯ ಅಧ್ಯಾಪಕರು ಉಬುಂಟುವನ್ನು ಬಳಸಿ ಗಣಿತ, ವಿಜ್ಞಾನಗಳ ಪಾಠಗಳನ್ನು ಸಿದ್ಧಪಡಿಸಿದರು. ಅದಕ್ಕೂ ಹಿಂದೆ, 2005ರಿಂದ 2011ರವರೆಗೆ, ಉಬುಂಟುವಿನ ಒಡೆಯರಾದ ಕೆನಾನಿಕಲ್ ಕಂಪನಿಯವರು ಯಾರು ಕೇಳಿದರೂ ಅದರ ಸಿ.ಡಿ.ಯನ್ನು ಅಂಚೆವೆಚ್ಚವನ್ನೂ ತಾವೇ ಭರಿಸಿ ಕಳುಹಿಸಿಕೊಡುತ್ತಿದ್ದ ಕಾಲವೊಂದಿತ್ತು. ಹಳ್ಳಿಯ ಅಂಚೆಪೇದೆ ಕೊಟ್ಟುಹೋದ ಆ ಸಿ.ಡಿ.ಯಿಂದಲೇ ಕರ್ನಾಟಕದ ಎಷ್ಟೋ ಹುಡುಗರು ಅಪ್ಪನ ಗಣಕದಲ್ಲಿ ಮೊದಲ ಪೋಡಿ ಮಾಡಿದರು. ಎಷ್ಟು ಅಪ್ಪಂದಿರ ಕಡತಗಳು ಆ ಪ್ರಯೋಗದಲ್ಲಿ ಆಹುತಿಯಾದುವೆಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಆ ಆಹುತಿಯನ್ನು ತಪ್ಪಿಸುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳುವುದು ಅವಶ್ಯಕ. ಎಲ್ಲಕ್ಕೂ ಮೊದಲು ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದಿಡಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲವಾದರೂ ಹೇಳದೆ ಬಿಡುವಂತಿಲ್ಲ. ವಿಂಡೋಸಿನ ಪಾಲನ್ನು ಕುಗ್ಗಿಸಿ ತೆರಪು ಮಾಡುವ ಕಾರ್ಯವನ್ನು ವಿಂಡೋಸಿನದೇ ಆದ ಡಿಸ್ಕ್ ಮ್ಯಾನೇಜ್‌ಮೆಂಟ್ ಸಾಧನದಿಂದ ಮಾಡುವುದು ಕ್ಷೇಮ; ಲಿನಕ್ಸಿಗೆ ಮೂವತ್ತರಿಂದ ಐವತ್ತು ಗಿಗಾಬೈಟು ಬಿಟ್ಟುಕೊಟ್ಟರೆ ಧಾರಾಳವಾಯಿತು. ಪಾಲು ಕುಗ್ಗುತ್ತಿರುವಾಗ ಕರೆಂಟು ಹೋದರೆ ಅನರ್ಥ ಸಂಭವಿಸಬಹುದು. ನಮ್ಮ ಕಡೆಯ ವಿದ್ಯುತ್ತಿನ ಸ್ವಭಾವವನ್ನು ಬಲ್ಲವರು ಯು.ಪಿ.ಎಸ್. ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು, ಲ್ಯಾಪ್‌ಟಾಪಾದರೆ ಬ್ಯಾಟರಿ ಪೂರ್ಣವಾಗಿರಬೇಕು.

ಹಳೆಯ ಬಗೆಯ ಯಂತ್ರಗಳಲ್ಲಿ ಕ್ರಮಕ್ಕೆ ಬಹಳ ಮಹತ್ವವುಂಟು. ವಿಂಡೋಸು ತಾನು ನೆಲೆಸುವಾಗ ಮೊದಲ ಖಂಡದ 446 ಬೈಟುಗಳಲ್ಲಿ ತನ್ನ ಆದೇಶಗಳನ್ನೇ ಬರೆದುಬಿಡುತ್ತದೆ. ಅಲ್ಲಿ ಮುಂಚೆ ಯಾರಿದ್ದರೆಂದು ಕೇಳುವ ಸೌಜನ್ಯ ಅದಕ್ಕಿಲ್ಲ. ಆದಕಾರಣ ಮೊದಲು ಹಳೆಯ ವಿಂಡೋಸ್, ಆಮೇಲೆ ಹೊಸ ವಿಂಡೋಸ್, ಕಟ್ಟಕಡೆಗೆ ಲಿನಕ್ಸ್. ಲಿನಕ್ಸಿನೊಂದಿಗೆ ಬರುವ ಗ್ರಬ್ ಎಂಬ ದ್ವಾರಪಾಲಕನು ಇತರರನ್ನು ಗುರುತಿಸಿ ಪಟ್ಟಿಮಾಡುವ ಉದಾರಿ. ಎರಿಕ್ ಬೋಲಿನ್ ಎಂಬಾತನು 1995ರಲ್ಲಿ ಬರೆಯತೊಡಗಿದ ಈ ತಂತ್ರಾಂಶಕ್ಕೆ 446 ಬೈಟು ಸಾಲದು. ಆದುದರಿಂದ ಅದು ಮೊದಲ ಖಂಡದಲ್ಲಿ ಕಾಲಿಡುವಷ್ಟು ಮಾತ್ರ ಸ್ಥಳ ಹಿಡಿದು, ಮೊದಲ ಖಂಡಕ್ಕೂ ಮೊದಲ ಪಾಲಿಗೂ ನಡುವೆ ಖಾಲಿ ಬಿದ್ದಿರುವ ಜಾಗದಲ್ಲಿ ತನ್ನ ಉಳಿದ ಶರೀರವನ್ನು ಚಾಚಿಕೊಂಡಿರುತ್ತದೆ. ಹೊಸ ಯು.ಇ.ಎಫ್.ಐ. ಯಂತ್ರಗಳಲ್ಲಿ ಈ ಜಗಳವಿಲ್ಲ: ಎಬ್ಬಿಸುವ ಕಡತಗಳಿಗಾಗಿಯೇ ಒಂದು ಪುಟ್ಟ ಪಾಲು ಮೀಸಲಾಗಿದ್ದು, ಅದರಲ್ಲಿ ಒಂದೊಂದು ವ್ಯವಸ್ಥೆಗೂ ಒಂದೊಂದು ಕೋಣೆಯುಂಟು. ಆದರೂ 2021ರಲ್ಲಿ ಬಂದ ಗ್ರಬ್ 2.06ರಿಂದೀಚೆಗೆ ಇತರ ವ್ಯವಸ್ಥೆಗಳನ್ನು ಹುಡುಕುವ ಗುಣವು ತಾನಾಗಿ ಜಾಗೃತವಾಗಿರುವುದಿಲ್ಲ. ಲಿನಕ್ಸ್ ಹಾಕಿದ ಮೇಲೆ ಪಟ್ಟಿಯಲ್ಲಿ ವಿಂಡೋಸಿನ ಹೆಸರು ಕಾಣದಿದ್ದರೆ ಎಲ್ಲ ಅಳಿಸಿಹೋಯಿತೆಂದು ಎದೆಯೊಡೆದುಕೊಳ್ಳಬೇಕಾಗಿಲ್ಲ. ಗ್ರಬ್ಬಿನ ಸಂಯೋಜನಾ ಕಡತದಲ್ಲಿ ಓಎಸ್-ಪ್ರೋಬರ್ ಎಂಬುದನ್ನು ಎಚ್ಚರಿಸಿದರೆ ಹೆಸರು ಮರಳಿ ಬರುತ್ತದೆ.

ಇನ್ನೆರಡು ಗುಪ್ತಶತ್ರುಗಳಿವೆ. ವಿಂಡೋಸ್ 8ರಿಂದ ಈಚೆಗೆ ಯಂತ್ರವನ್ನು ಆರಿಸಿದಾಗ ಅದು ನಿಜವಾಗಿ ಆರುವುದಿಲ್ಲ. ಮರಳಿ ಬೇಗನೆ ಏಳಲೆಂದು ತನ್ನ ಮನಃಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಅರೆನಿದ್ರೆಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸು ವಿಂಡೋಸಿನ ಪಾಲಿನೊಳಗೆ ಏನನ್ನಾದರೂ ಬರೆದರೆ ಎರಡು ಲೆಕ್ಕ ತಾಳೆಯಾಗದೆ ಕಡತಗಳು ಕೆಡುತ್ತವೆ. ಫಾಸ್ಟ್ ಸ್ಟಾರ್ಟಪ್ ಎಂಬ ಈ ಸೌಕರ್ಯವನ್ನು ಮೊದಲೇ ನಿಲ್ಲಿಸಿಬಿಡಬೇಕು. ಎರಡನೆಯದು ಬಿಟ್‌ಲಾಕರ್ ಎಂಬ ಬೀಗ. ಹೊಸ ಲ್ಯಾಪ್‌ಟಾಪುಗಳಲ್ಲಿ ಅನೇಕವೇಳೆ ಒಡೆಯನಿಗೆ ತಿಳಿಯದಂತೆಯೇ ಇದು ಹಾಕಿಕೊಂಡಿರುತ್ತದೆ. ಯಂತ್ರ ಏಳುವ ಕ್ರಮವನ್ನು ಬದಲಿಸಿದೊಡನೆ ಅನುಮಾನಗೊಂಡು 48 ಅಂಕಿಗಳ ಕೀಲಿಯನ್ನು ಕೇಳುತ್ತದೆ. ಆ ಕೀಲಿಯಿಲ್ಲವಾದರೆ ಕಡತಗಳ ಆಸೆಯನ್ನು ಬಿಡುವುದೇ ಸರಿ. ಪೋಡಿಗೆ ಕೂರುವ ಮುನ್ನ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ವಿವೇಕ.

ಈ ಗಂಭೀರ ವಿಚಾರಗಳ ನಡುವೆ ಒಂದು ವಿನೋದವೂ ಇದೆ. ಮದರ್‌ಬೋರ್ಡಿನಲ್ಲೊಂದು ಸಣ್ಣ ಬ್ಯಾಟರಿಯ ಬಲದಿಂದ ಸದಾ ನಡೆಯುವ ಗಡಿಯಾರವುಂಟು. ವಿಂಡೋಸು ಅದರಲ್ಲಿ ಸ್ಥಳೀಯ ಸಮಯವನ್ನಿಡುತ್ತದೆ. ಲಿನಕ್ಸು ಗ್ರೀನಿಚ್ಚಿನ ಸಮಯವನ್ನಿಡುತ್ತದೆ. ಎರಡಕ್ಕೂ ಇರುವ ಅಂತರ ನಮ್ಮ ದೇಶದಲ್ಲಿ ಐದೂವರೆ ಗಂಟೆ. ಇದರ ಫಲವಾಗಿ ಲಿನಕ್ಸಿನಲ್ಲಿ ಕೆಲಸ ಮುಗಿಸಿ ವಿಂಡೋಸಿಗೆ ಹೋದವನಿಗೆ ಮಧ್ಯಾಹ್ನ ಮೂರು ಗಂಟೆಯ ಹೊತ್ತಿನಲ್ಲಿ ಗಡಿಯಾರವು ಬೆಳಗಿನ ಒಂಬತ್ತೂವರೆಯನ್ನು ತೋರಿಸುತ್ತದೆ. ಗಡಿಯಾರ ತಪ್ಪಿದ ಯಂತ್ರವನ್ನು ಬ್ಯಾಂಕಿನ ಜಾಲತಾಣಗಳೂ ಸರ್ಕಾರದ ಜಾಲತಾಣಗಳೂ ನಂಬುವುದಿಲ್ಲವಾದುದರಿಂದ, ಅಂಗಡಿಯವನು ಇಂಟರ್‌ನೆಟ್ಟನ್ನು ಬೈಯುತ್ತ ಕುಳಿತಿರುತ್ತಾನೆ. ಸ್ಥಳೀಯ ಸಮಯವನ್ನೇ ಅನುಸರಿಸೆಂದು ಲಿನಕ್ಸಿಗೆ ಒಂದು ಸಾಲಿನ ಆದೇಶ ಕೊಟ್ಟರೆ ಜಗಳ ಮುಗಿಯುತ್ತದೆ.

ಕಡತಗಳನ್ನಿಡಲು ಮೂರನೆಯದೊಂದು ಜಂಟಿ ಪಾಲನ್ನು ಮಾಡಿಕೊಳ್ಳುವುದು ಈ ವ್ಯವಸ್ಥೆಯಲ್ಲಿ ಬಹು ಮುಖ್ಯವಾದದ್ದೆಂದು ನಾನು ತಿಳಿದಿದ್ದೇನೆ. ವಿಂಡೋಸಿಗೆ ಲಿನಕ್ಸಿನ ಪಾಲು ಕಾಣಿಸುವುದಿಲ್ಲ; ಲಿನಕ್ಸಿಗೆ ವಿಂಡೋಸಿನ ಪಾಲು ಕಾಣಿಸುತ್ತದೆ. ಆದುದರಿಂದ ಈ ಜಂಟಿ ಪಾಲು ವಿಂಡೋಸಿನ ಎನ್‌ಟಿಎಫ್‌ಎಸ್ ರೀತಿಯಲ್ಲಿರಬೇಕು. ಎರಡು ವ್ಯವಸ್ಥೆಗಳಲ್ಲಿ ಯಾವುದೊಂದು ಕೆಟ್ಟು ಮತ್ತೆ ಹಾಕಬೇಕಾಗಿ ಬಂದರೂ ಕಡತಗಳಿಗೆ ಹಾನಿಯಿಲ್ಲ. ಎಕ್ಸ್‌ಪಿಯನ್ನು ಇನ್ನೂ ಇಟ್ಟುಕೊಂಡಿರುವವರು ಅದಕ್ಕೆ ಇಂಟರ್‌ನೆಟ್ಟಿನ ತಂತಿಯನ್ನು ಸರ್ವಥಾ ಸೇರಿಸಕೂಡದು. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕಾವಲಿಲ್ಲದ ಮನೆ ಅದು. ಎಂಟು ಗಿಗಾಬೈಟಿಗೆ ಮೇಲ್ಪಟ್ಟ ಸ್ಮೃತಿಯುಳ್ಳವರಿಗೆ ಪೋಡಿಯ ಗೊಡವೆಯೇ ಬೇಡ. ವರ್ಚುವಲ್‌ಬಾಕ್ಸಿನಂಥ ತಂತ್ರಾಂಶದೊಳಗೆ ಎಕ್ಸ್‌ಪಿಯನ್ನು ಒಂದು ಕಿಟಕಿಯಲ್ಲಿ ತೆರೆದು ಕೆಲಸ ಮುಗಿಸಿ ಮುಚ್ಚಿಬಿಡಬಹುದು.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಪೋಷಣೆಯೂ ಮುಗಿದಿದೆ. ವಿಂಡೋಸ್ 11 ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ಪನ್ನು ಕೇಳುವುದರಿಂದ, ಚೆನ್ನಾಗಿಯೇ ದುಡಿಯುತ್ತಿರುವ ಅಸಂಖ್ಯಾತ ಯಂತ್ರಗಳು ಅದಕ್ಕೆ ಅನರ್ಹವಾಗಿವೆ. ಶಾಲೆಗಳಲ್ಲಿ, ಸಂಘಗಳಲ್ಲಿ, ಪಂಚಾಯಿತಿಗಳಲ್ಲಿ ಇಂತಹ ಯಂತ್ರಗಳನ್ನು ಗುಜರಿಗೆ ಹಾಕುವ ಮಾತು ಈಗಾಗಲೇ ಕೇಳಿಬರುತ್ತಿದೆ. ಹಾಗೆ ಮಾಡುವುದು ದುಂದು. ವಿಂಡೋಸನ್ನು ಹಾಗೆಯೇ ಒಂದು ಪಾಲಿನಲ್ಲಿ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸನ್ನು ನೆಲೆಗೊಳಿಸಿದರೆ ಆ ಯಂತ್ರಗಳು ಇನ್ನೂ ಹಲವು ವರ್ಷ ಸೇವೆ ಸಲ್ಲಿಸಬಲ್ಲವು.

ಆದರೆ ಎಷ್ಟು ಪೋಡಿ ಮಾಡಿದರೂ ಹಳೆಯ ಕಡತಗಳು ಪೌಂಡುಗಳಾಗಿಯೇ ಉಳಿದರೆ ಪ್ರಯೋಜನವಿಲ್ಲ. ಪಾಲು ಬೇರೆಯಾಗಿ ಉಳಿದದ್ದು ಅಕ್ಷರ ಬೇರೆಯಾಗಿದ್ದುದರಿಂದ. ಅಕ್ಷರ ಒಂದಾದರೆ ಯಾವ ಪಾಲಿನಲ್ಲಿ ಕುಳಿತು ಬರೆದರೂ ಒಂದೇ. ಅರವಿಂದ ವಿ.ಕೆ. ಅವರು ರಚಿಸಿರುವ ಪರಿವರ್ತಕವು ನುಡಿ, ಬರಹಗಳ ಹಳೆಯ ಬರವಣಿಗೆಯನ್ನು ಯೂನಿಕೋಡಿಗೆ ಉಚಿತವಾಗಿ ತಿರುಗಿಸಿಕೊಡುತ್ತದೆ; ನುಡಿಯ ಈಚಿನ ಆವೃತ್ತಿಗಳಲ್ಲಿಯೂ ಯೂನಿಕೋಡಿನಲ್ಲಿಯೇ ಬರೆಯುವ ಅನುಕೂಲವುಂಟು. ಪರಿವರ್ತನೆಯಲ್ಲಿ ಅಲ್ಲೊಂದು ಇಲ್ಲೊಂದು ಒತ್ತಕ್ಷರ ಕೆಡುವುದುಂಟು, ಒಮ್ಮೆ ಕಣ್ಣಾಡಿಸಿ ತಿದ್ದಿಕೊಳ್ಳಬೇಕು. ಗುಂಡ್ಲುಪೇಟೆ, ಚಾಮರಾಜನಗರಗಳ ಡಿ.ಟಿ.ಪಿ. ಅಂಗಡಿಯವರೂ, ಭೀಮನಬೀಡಿನಂಥ ಊರುಗಳ ಸಂಘಗಳ ಕಾರ್ಯದರ್ಶಿಗಳೂ, ಶಾಲೆಯ ಮುಖ್ಯೋಪಾಧ್ಯಾಯರೂ ಹಳೆಯ ಯಂತ್ರವು ಇನ್ನೂ ಏಳುತ್ತಿರುವಾಗಲೇ ಈ ಕೆಲಸವನ್ನು ಮಾಡಿಸಿ, ಪರಿವರ್ತಿತ ಕಡತಗಳನ್ನು ಎರಡು ಬೇರೆ ಡಿಸ್ಕುಗಳಲ್ಲಿ ಇಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.